ಸಂದಿಯ ಲೇಪ

ಹೆಸರೇನೋ ಲ್ಯಾಪ್‌ಟಾಪ್, ತೊಡೆಯ ಮೇಲಿಡತಕ್ಕದ್ದು. ಆದರೆ ನಮ್ಮ ಮನೆಯದನ್ನು ಹೋದ ವರ್ಷವೆಲ್ಲ ಯಾರೂ ತೊಡೆಯ ಮೇಲಿಟ್ಟುಕೊಂಡವರಲ್ಲ. ತಳಕ್ಕೆ ಅಂಗೈ ಸೋಕಿದರೆ ಆಗತಾನೆ ಒಲೆಯಿಂದ ಇಳಿಸಿದ ಪಾತ್ರೆಯನ್ನು ಮುಟ್ಟಿದಂತಾಗುತ್ತಿತ್ತು. ಪಕ್ಕದ ಕಿಂಡಿಯಿಂದ ಹೊರಡುವ ಗಾಳಿಯಲ್ಲಿ ಹಪ್ಪಳ ಒಣಗಿಸಬಹುದೆಂದು ನನ್ನ ಹೆಂಡತಿ ಹೇಳಿದ್ದು ಅತಿಶಯೋಕ್ತಿ ಇರಬಹುದು. ಅಲಂಕಾರಶಾಸ್ತ್ರದಲ್ಲಿ ಅದಕ್ಕೆ ಅವಕಾಶವುಂಟು. ಒಳಗಿನ ಫ್ಯಾನಂತೂ ಬೆಟ್ಟ ಹತ್ತುವ ಮುದುಕರ ಹಾಗೆ ಏದುಸಿರು ಬಿಡುತ್ತಿತ್ತು. ಅದನ್ನು ಕೊಂಡದ್ದು ೨೦೧೪ರಲ್ಲಿ. ನಾಯಿಗಳ ವಯಸ್ಸನ್ನು ಏಳರಿಂದ ಗುಣಿಸಬೇಕೆನ್ನುತ್ತಾರಲ್ಲ, ಈ ಯಂತ್ರಗಳಿಗೂ ಅದೇ ಲೆಕ್ಕ ಹಿಡಿದರೆ ನಮ್ಮದು ಸಹಸ್ರಚಂದ್ರದರ್ಶನದ ಆಸುಪಾಸಿನ ಹಿರಿಯ ಜೀವ.

ಹೀಗಿದ್ದರೂ ಅದನ್ನು ಅಟ್ಟಕ್ಕೆ ಸೇರಿಸದೆ ಇಟ್ಟುಕೊಂಡದ್ದಕ್ಕೆ ಕಾರಣವಿದೆ. ನಮ್ಮ ಕಾಲೇಜಿನ ಪುಸ್ತಕಭಂಡಾರದಲ್ಲಿ ಹಳೆಯ ಕನ್ನಡ ಮಾಸಪತ್ರಿಕೆಗಳ ಬೈಂಡುಗಳು ಒಂದು ಬೀರುವಿನ ತುಂಬ ಇವೆ. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದ. ಅದರೊಳಗಿನ ಆಮ್ಲವೇ ಅದನ್ನು ತಿನ್ನುತ್ತ ಬಂದಿದೆ. ಹಾಳೆಗಳು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿವೆ, ಮಡಿಸಹೋದರೆ ಮುರಿಯುತ್ತವೆ. ಲೇಖಕರು ತೀರಿಕೊಂಡು ಅರವತ್ತು ವರ್ಷ ಕಳೆದ ಬರಹ ನಮ್ಮ ದೇಶದ ಕಾನೂನಿನಂತೆ ಸರ್ವರ ಸೊತ್ತು. ಅಂಥವನ್ನು ಆರಿಸಿ, ಪುಟಪುಟವಾಗಿ ಚಿತ್ರ ತೆಗೆದು, ಚಿತ್ರದಿಂದ ಅಕ್ಷರಕ್ಕೆ ಇಳಿಸುವ ಕೆಲಸವನ್ನು ನಾನೂ ಇಬ್ಬರು ವಿದ್ಯಾರ್ಥಿಗಳೂ ಎರಡು ವರ್ಷದಿಂದ ಮಾಡುತ್ತ ಬಂದಿದ್ದೇವೆ. ಓದುವುದಕ್ಕೆ ಟೆಸೆರಾಕ್ಟ್ ಎಂಬ ತಂತ್ರಾಂಶವಿದೆ. ಎಂಬತ್ತರ ದಶಕದಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯಲ್ಲಿ ಹುಟ್ಟಿ, ೨೦೦೫ರಲ್ಲಿ ಲೋಕಕ್ಕೆ ಧರ್ಮಾರ್ಥವಾಗಿ ಬಂದದ್ದು, ಕನ್ನಡವನ್ನೂ ಕಲಿತಿದೆ. ಚಿತ್ರದ ಓರೆ ತಿದ್ದಿ, ಕಲೆ ಅಳಿಸಿ, ಆಮೇಲೆ ಓದುವುದೆಂದರೆ ನಮ್ಮ ಯಂತ್ರಕ್ಕೆ ಪುಟಕ್ಕೊಂದು ನಿಮಿಷ ಹಿಡಿಯುತ್ತಿತ್ತು. ಅದು ದೊಡ್ಡ ಮಾತಲ್ಲ, ರಾತ್ರಿಯೆಲ್ಲ ಓದಲಿ ಎಂದು ಬಿಟ್ಟು ಮಲಗಬಹುದು. ಮಲಗಿ ಎದ್ದು ನೋಡಿದರೆ ನಲವತ್ತನೆಯ ಪುಟದಲ್ಲೋ ಐವತ್ತನೆಯ ಪುಟದಲ್ಲೋ ಯಂತ್ರ ತಾನೂ ಮಲಗಿಬಿಟ್ಟಿರುತ್ತಿತ್ತು. ಒಂದು ಮಿತಿ ಮೀರಿ ಕಾದರೆ ಪ್ರೊಸೆಸರು ಸುಟ್ಟುಹೋಗದಿರಲಿ ಎಂದು ಯಂತ್ರ ತನ್ನನ್ನು ತಾನೇ ಆರಿಸಿಕೊಳ್ಳುವಂತೆ ಮಾಡಿರುತ್ತಾರೆ. ಏರ್ಪಾಡು ಒಳ್ಳೆಯದೇ. ಆದರೆ ಇತ್ತ ಯಂತ್ರ ಕಾಯುತ್ತಿದ್ದರೆ ಅತ್ತ ಬೀರುವಿನಲ್ಲಿ ಹಾಳೆಗಳು ಉದುರುತ್ತಿದ್ದವು. ಅವುಗಳಿಗೆ ಅಂಥ ಏರ್ಪಾಡಿಲ್ಲ.

ಸೋಜಿಗವೆಂದರೆ ಈ ಕಾವು ಹೆಚ್ಚಾದದ್ದು ರಿಪೇರಿಯ ಮೇಲೆ. ಅದಕ್ಕೆ ಮೊದಲು ಸುಮಾರಾಗಿ ಬಿಸಿಯಾಗುತ್ತಿತ್ತು, ಅಷ್ಟೆ. ನಮ್ಮ ಬಡಾವಣೆಯ ಅಂಗಡಿಯೊಂದಕ್ಕೆ ಕೊಟ್ಟಾಗ ‘ಪೇಸ್ಟು, ಪ್ಯಾಡು ಎರಡನ್ನೂ ಹೊಸದು ಹಾಕಿದೆ’ ಎಂದು ಬಿಲ್ಲು ಬರೆದುಕೊಟ್ಟರು. ಬಿಲ್ಲಿನಲ್ಲಿ ಸುಳ್ಳಿರಲಿಲ್ಲ. ಎರಡೂ ಹೊಸದಾಗಿದ್ದವು.

ಹೇಗೂ ಬಿಚ್ಚಿಸುವುದಾದರೆ ಪ್ರೊಸೆಸರನ್ನೂ ಬದಲಾಯಿಸಿಬಿಡಬಹುದಲ್ಲ ಎಂದವನು ನಮ್ಮ ವಿದ್ಯಾರ್ಥಿಗಳಲ್ಲೊಬ್ಬ. ಇದು ಈಗಿನವರ ಕಿವಿಗೆ ಹೊಸ ಮಾತು. ಇಂಟೆಲ್ಲಿನ ನಾಲ್ಕನೆಯ ತಲೆಮಾರಿನವರೆಗೆ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರು ಒಂದು ಪೀಠದಲ್ಲಿ ಕುಳಿತಿರುತ್ತಿತ್ತು. ಸ್ಕ್ರೂ ಒಂದನ್ನು ಅರ್ಧ ಸುತ್ತು ತಿರುಗಿಸಿದರೆ ಎದ್ದು ಬರುತ್ತಿತ್ತು. ಐದನೆಯ ತಲೆಮಾರಿನಿಂದ ಅದನ್ನು ಹಲಗೆಗೆ ಬೆಸೆದೇ ಕಳಿಸುತ್ತಾರೆ. ತೆಳ್ಳಗಿರಲಿ, ಹಗುರಾಗಿರಲಿ ಎಂಬುದು ಅವರ ಸಮಾಧಾನ. ಬೆಸೆದ ಮೇಲೆ ಯಜಮಾನನಿಗೆ ಆಯ್ಕೆಯಿಲ್ಲ. ಗಂಡುಭೇರುಂಡದ ಹಾಗೆ ಎರಡು ತಲೆಯೂ ಒಟ್ಟಿಗೆ ಇರಬೇಕು, ಒಟ್ಟಿಗೆ ಹೋಗಬೇಕು. ೨೦೨೨ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಎಂಬ ವಿಷಯಕ್ಕಾಗಿ ಸಮಿತಿಯೊಂದನ್ನು ನೇಮಿಸಿತು. ಆ ವರ್ಷದ ಡಿಸೆಂಬರಿನಲ್ಲಿ ಒಂದು ಪೋರ್ಟಲ್ಲನ್ನೂ ತೆರೆಯಿತು. ಹಕ್ಕು ಬರಲಿ, ಬೇಡವೆನ್ನುವವರಾರು? ಆದರೆ ಬೆಸುಗೆ ಹಾಕಿದ ವಸ್ತುವಿನ ಮುಂದೆ ಹಕ್ಕು ಹಿಡಿದು ನಿಂತವನ ಕೈಯಲ್ಲಿ ಸ್ಕ್ರೂಡ್ರೈವರು ಇದ್ದೇನು ಪ್ರಯೋಜನ? ನಮ್ಮದು ೨೦೧೩ರ ಕೋರ್ ಐ-೫ ೪೩೦೦ಎಂ, ನಾಲ್ಕನೆಯ ತಲೆಮಾರು. ಅಂದರೆ ಬಾಗಿಲು ಮುಚ್ಚುವುದಕ್ಕೆ ಒಂದು ಗಳಿಗೆ ಮೊದಲು ಒಳಗೆ ಬಂದದ್ದು.

ನನ್ನ ಹೆಂಡತಿಗೆ ಈ ಯೋಜನೆ ಹಿಡಿಸಲಿಲ್ಲ. “ರೀ, ಅದಕ್ಕೆ ಸುರಿಯೋ ದುಡ್ಡಿಗೆ ಇನ್ನಷ್ಟು ಹಾಕಿದ್ರೆ ಹೊಸದೇ ಬರುತ್ತೆ” ಎಂದಳು. ಇನ್ನಷ್ಟು ಎಂದರೆ ಐವತ್ತು ಸಾವಿರ. ಹಳೆಯ ಪ್ರೊಸೆಸರಿಗೆ ನಾಲ್ಕು ಸಾವಿರದೊಳಗೆ. ‘ಇನ್ನಷ್ಟು’ ಎಂಬುದು ಪರಿಮಾಣವಾಚಕವೇ ಹೊರತು ಸಂಖ್ಯಾವಾಚಕವಲ್ಲ ಎಂದು ವ್ಯಾಕರಣದ ಆಸರೆ ಪಡೆದು ನಾನು ಎಸ್.ಪಿ. ರೋಡಿನ ದಾರಿ ಹಿಡಿದೆ.

ಬೆಂಗಳೂರಿನ ಟೌನ್‌ಹಾಲಿನ ಹತ್ತಿರದ ಸಾದರ ಪತ್ರಪ್ಪ ರಸ್ತೆಯನ್ನು ಆ ಪೂರ್ಣ ನಾಮಧೇಯದಿಂದ ಕರೆಯುವವರು ಕಡಮೆ. ಕಂಪ್ಯೂಟರಿನ ಬಿಡಿಭಾಗ ಬೇಕಾದವರಿಗೆಲ್ಲ ಅದು ಎಸ್.ಪಿ. ರೋಡು. ಅಲ್ಲಿಯ ಮಹಡಿಯೊಂದರ ಕಿರಿದಾದ ಅಂಗಡಿಯಲ್ಲಿ, ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ಕುಳಿತ ಅರವತ್ತರ ಸಮೀಪದವರೊಬ್ಬರನ್ನು ವಿದ್ಯಾರ್ಥಿ ತೋರಿಸಿಕೊಟ್ಟ. ಯಂತ್ರವನ್ನು ಅವರು ಕೈಯಲ್ಲಿ ಹಿಡಿದು ತಿರುವಿ ನೋಡಿದ ರೀತಿ ನನಗೆ ಮೆಚ್ಚಿಕೆಯಾಯಿತು. ಬಿಚ್ಚುವುದಕ್ಕೆ ಮೊದಲೇ, “ಸಾರ್, ಇದನ್ನ ಇತ್ತೀಚೆಗೆ ಯಾರೋ ಬಿಚ್ಚಿದಾರೆ. ಒಂದು ಸ್ಕ್ರೂ ಬೇರೆ ಕಡೇದು ಇಲ್ಲಿ ಹಾಕಿದಾರೆ” ಎಂದರು. ಹಳೆಯ ಓಲೆಗರಿಯನ್ನು ಕೈಗೆತ್ತಿಕೊಂಡು, ಇದು ಇಬ್ಬರ ಬರವಣಿಗೆ ಎಂದು ಕಂಡುಹಿಡಿಯುವ ಸಂಪಾದಕರೂ ಹೀಗೆಯೇ ಅಲ್ಲವೆ?

ಬ್ಯಾಟರಿ ತೆಗೆದರು. ಉಳಿದ ವಿದ್ಯುತ್ತೂ ಹರಿದುಹೋಗಲಿ ಎಂದು ಪವರ್ ಗುಂಡಿಯನ್ನು ಒತ್ತಿ ಹಿಡಿದರು. ತಳದ ತಗಡನ್ನು ಬಿಚ್ಚಿದರು. ಒಳಗೆ ಬಾಗಿದ ತಾಮ್ರದ ಕೊಳವೆ, ಅದರ ಕೊನೆಗೆ ಬಾಚಣಿಗೆಯ ಹಲ್ಲಿನಂಥ ತೆಳು ರೆಕ್ಕೆಗಳು, ಅವುಗಳ ಬೆನ್ನಿಗೆ ಫ್ಯಾನು. ಆ ಕೊಳವೆ ಬರಿಯ ತಾಮ್ರದ ಸರಳೆಂದು ನಾನು ಎಣಿಸಿದ್ದೆ. ಅಲ್ಲವಂತೆ. ಒಳಗೆ ಪೊಳ್ಳು, ಗಾಳಿ ತೆಗೆದು ಒಂದಿಷ್ಟು ನೀರು ತುಂಬಿ ಮುಚ್ಚಿರುತ್ತಾರೆ. ಬಿಸಿಯ ಕಡೆ ನೀರು ಆವಿಯಾಗಿ ಓಡುತ್ತದೆ, ರೆಕ್ಕೆಗಳ ಕಡೆ ತಣಿದು ನೀರಾಗುತ್ತದೆ, ಗೋಡೆಗೆ ಹೊಂದಿದ ಬತ್ತಿಯಂಥ ಒಳಪದರವನ್ನು ಹಿಡಿದು ಮತ್ತೆ ಬಿಸಿಯ ಕಡೆಗೆ ಬರುತ್ತದೆ. ದೀಪದ ಬತ್ತಿಗೆ ಎಣ್ಣೆ ಏರುವುದೂ ಹೀಗೆಯೇ. ೧೯೬೩ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಶಾಲೆಯ ಜಾರ್ಜ್ ಗ್ರೋವರ್ ಇಂಥ ಕೊಳವೆಯನ್ನು ಕೆಲಸಕ್ಕೆ ಬರುವಂತೆ ಮಾಡಿದರು. ಆಕಾಶನೌಕೆಗಳಿಗೆ ಒದಗಿದ ಆ ಉಪಾಯ ಈಗ ನಮ್ಮ ಊಟದ ಮೇಜಿನ ಮೇಲೆ ಕುಳಿತಿದೆ.

ಸ್ಕ್ರೂಗಳನ್ನು ಒಂದಾದಮೇಲೊಂದು ಸಡಿಲಿಸಿ ತಾಮ್ರದ ತಟ್ಟೆಯನ್ನು ಮೇಲೆತ್ತಿದಾಗ ಅವರು “ಆಹಾ” ಎಂದರು. ವೈದ್ಯರು ಹೀಗೆಂದರೆ ಎದೆ ಝಲ್ಲೆನ್ನುತ್ತದೆ. ಯಂತ್ರದವರು ಅಂದರೂ ಅಷ್ಟೇ ಎಂದು ಆಗ ತಿಳಿಯಿತು. ಪ್ರೊಸೆಸರಿನ ನಡುವೆ ಹೊಳೆಯುವ ಸಿಲಿಕಾನ್ ಬಿಲ್ಲೆ. ಅದರ ಮೇಲೆ ಬೂದಿಬಣ್ಣದ ಪೇಸ್ಟು ಹಚ್ಚಿದವರ ಕೈಯಿಂದ ಹೇಗೆ ಬಿದ್ದಿತ್ತೋ ಬಹುಪಾಲು ಹಾಗೆಯೇ ಗುಪ್ಪೆಯಾಗಿ ಕುಳಿತಿತ್ತು. ತಟ್ಟೆ ಅದರ ನೆತ್ತಿಯನ್ನು ಸವರಿತ್ತು, ಅಷ್ಟೆ, ಅದುಮಿರಲಿಲ್ಲ. “ಇದು ಒಂದು ವರ್ಷ ಇದ್ರ ಮೇಲೆ ಕೂತೇ ಇಲ್ಲ ಸಾರ್, ನಿಂತಿತ್ತು” ಎಂದರು.

ನಿಲ್ಲಿಸಿದವರಾರು? ಪ್ಯಾಡುಗಳು. ಈ ಯಂತ್ರದಲ್ಲಿ ಚಿತ್ರಗಳಿಗೆಂದೇ ಬೇರೆ ಚಿಪ್ಪೊಂದಿದೆ, ಅದರ ಸುತ್ತ ನಾಲ್ಕು ಸ್ಮೃತಿಯ ಚಿಪ್ಪುಗಳು. ಪ್ರೊಸೆಸರಿಗೂ ಚಿತ್ರದ ಚಿಪ್ಪಿಗೂ ತಟ್ಟೆ ಮೈಮುಟ್ಟಿ ಕೂರಬೇಕು. ಸ್ಮೃತಿಯ ಚಿಪ್ಪುಗಳು ಕುಳ್ಳು, ಅವುಗಳಿಗೂ ತಟ್ಟೆಗೂ ನಡುವೆ ಒಂದು ಮಿಲಿಮೀಟರಿನಷ್ಟು ತೆರವು ಉಳಿಯುತ್ತದೆ. ಅಷ್ಟು ಅಗಲದ ತೆರವಿನಲ್ಲಿ ಪೇಸ್ಟು ನಿಲ್ಲದು. ಅದಕ್ಕಾಗಿ ಸಿಲಿಕೋನ್ ರಬ್ಬರಿನಲ್ಲಿ ಪಿಂಗಾಣಿಯಂಥ ಪುಡಿ ಕಲಸಿ ಮಾಡಿದ ಮೆತ್ತನೆಯ ಹಾಳೆಯ ತುಂಡುಗಳನ್ನು ಇಡುತ್ತಾರೆ. ಅರ್ಧ, ಒಂದು, ಒಂದೂವರೆ, ಎರಡು ಮಿಲಿಮೀಟರ್, ಹೀಗೆ ಹಲವು ದಪ್ಪದಲ್ಲಿ ಸಿಕ್ಕುತ್ತದೆ. ಅವರು ವರ್ನಿಯರ್ ಹಿಡಿದು ಅಳೆದರು. ಹಾಕಿದ್ದು ಒಂದೂವರೆಯದು. ತೆಳ್ಳಗಿದ್ದರೆ ಮುಟ್ಟಲಿಕ್ಕಿಲ್ಲ, ದಪ್ಪನಾದ್ದೇ ಇರಲಿ ಎಂದು ಹಿಂದಿನವರು ಯೋಚಿಸಿರಬೇಕು. ಅರ್ಧ ಮಿಲಿಮೀಟರಿನ ಆ ಔದಾರ್ಯ, ಸಣ್ಣ ಚಿಪ್ಪುಗಳ ಮೇಲೆ ತಟ್ಟೆಯನ್ನು ಎತ್ತಿಹಿಡಿದು ದೊಡ್ಡದನ್ನು ಬೇಯಿಸಿಬಿಟ್ಟಿತ್ತು.

ಅರ್ಧ ಮಿಲಿಮೀಟರಿಗೆ ಇಷ್ಟು ರಾದ್ಧಾಂತವೆ ಎಂದು ಓದುಗರಿಗೆ ಅನ್ನಿಸಬಹುದು, ನನಗೂ ಅನ್ನಿಸಿತು. ಮನೆಗೆ ಬಂದು ಕಾಗದ ಹಿಡಿದು ಲೆಕ್ಕ ಹಾಕಿದೆ. ನಾವು ಹೊಸದಾಗಿ ಹಾಕಿದ ಕೋರ್ ಐ-೭ ೪೭೧೨ಎಂಕ್ಯೂ ದುಡಿಯುವಾಗ ಬಿಡುವ ಶಾಖಕ್ಕೆ ತಯಾರಕರು ಹೇಳುವ ಅಂಕಿ ೩೭ ವಾಟ್. ಹಳೆಯದಕ್ಕೂ ಅಷ್ಟೆ. ಮೂವತ್ತೇಳು ಎಂದರೆ ನಮ್ಮ ಬಚ್ಚಲುಮನೆಯಲ್ಲಿ ಹಿಂದೆ ಉರಿಯುತ್ತಿದ್ದ ನಲವತ್ತರ ಬಲ್ಬಿಗಿಂತ ಕಡಮೆ. ಆದರೆ ಅದು ಹೊರಬರುವುದು ಸುಮಾರು ಒಂದೂಮುಕ್ಕಾಲು ಚದರ ಸೆಂಟಿಮೀಟರಿನ ಬಿಲ್ಲೆಯಿಂದ; ಕಿರುಬೆರಳಿನ ಉಗುರಿನಗಲದ ಆ ಜಾಗದಲ್ಲಿ ನೂರು ಕೋಟಿಗೂ ಮೀರಿದ ಟ್ರಾನ್ಸಿಸ್ಟರುಗಳ ಸಂಸಾರ. ಚದರ ಸೆಂಟಿಮೀಟರಿಗೆ ಇಪ್ಪತ್ತೊಂದು ವಾಟ್ ಆಯಿತು. ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆಯ ತಳ ಇನ್ನೂರು ಚದರ ಸೆಂಟಿಮೀಟರೆಂದು ಹಿಡಿದರೆ ಅಲ್ಲಿ ಐದೇ ವಾಟ್. ಇಸ್ತ್ರಿಪೆಟ್ಟಿಗೆಯ ನಾಲ್ಕರಷ್ಟು ಕಾವನ್ನು ಆ ಉಗುರಿನಿಂದ ಒಂದೇ ಸಮನೆ ಹೊತ್ತು ಸಾಗಿಸುತ್ತಿರಬೇಕು; ಒಂದು ಕ್ಷಣ ನಿಂತರೂ ಉಳಿದದ್ದು ಅಲ್ಲೇ ರಾಶಿ ಬೀಳುತ್ತದೆ.

ಸಾಗಿಸುವುದರಲ್ಲಿ ತಾಮ್ರ ನಿಪುಣ. ಶಾಖವಾಹಕತೆಯ ಮಾನದಲ್ಲಿ ತಾಮ್ರಕ್ಕೆ ಸುಮಾರು ೪೦೦ ಅಂಕ ಬಂದರೆ ನಿಂತ ಗಾಳಿಗೆ ೦.೦೨೬. ಹದಿನೈದು ಸಾವಿರ ಪಟ್ಟು ವ್ಯತ್ಯಾಸ. ಒಳ್ಳೆಯ ಪೇಸ್ಟು ಎಂದು ಮಾರುವವುಗಳಿಗೆ ನಾಲ್ಕೋ ಐದೋ ಎಂಟೋ. ಈ ಅಂಕಿಗಳನ್ನು ನೋಡಿದಾಗ ನನ್ನ ಎಷ್ಟೋ ದಿನದ ತಪ್ಪು ಕಲ್ಪನೆ ಕರಗಿತು. ಪೇಸ್ಟೆಂದರೆ ಶಾಖವನ್ನು ಸೆಳೆಯುವ ದಿವ್ಯೌಷಧ, ಹೆಚ್ಚು ಮೆತ್ತಿದಷ್ಟೂ ಗುಣ ಹೆಚ್ಚು ಎಂದು ಬಹು ಜನ ತಿಳಿದಿದ್ದಾರೆ. ತಾಮ್ರದ ಮುಂದೆ ಅದು ನೂರರಲ್ಲೊಂದು ಪಾಲಿನ ವಸ್ತು. ಅದರ ಹಿರಿಮೆ ಗಾಳಿಗಿಂತ ಮೇಲು ಎಂಬುದೊಂದೇ. ತಟ್ಟೆಯೂ ಬಿಲ್ಲೆಯೂ ಕನ್ನಡಿಯಂತೆ ನುಣುಪಾಗಿ ಕಂಡರೂ ಸೂಕ್ಷ್ಮದಲ್ಲಿ ಅವೆರಡೂ ಮಲೆನಾಡು. ಗುಡ್ಡಗಳ ನೆತ್ತಿಗೆ ನೆತ್ತಿ ತಾಗುತ್ತದೆ. ಕಣಿವೆಗಳಲ್ಲಿ ಗಾಳಿ ನಿಲ್ಲುತ್ತದೆ. ಆ ಗಾಳಿಯನ್ನು ಹೊರಡಿಸಿ ಕಣಿವೆಯಷ್ಟನ್ನೇ ತುಂಬುವುದು ಪೇಸ್ಟಿನ ಕೆಲಸ. ಐದು ಅಂಕದ ಪೇಸ್ಟು ಒಂದು ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲಿನಷ್ಟು ತೆಳ್ಳಗಿದ್ದರೆ ನಮ್ಮ ೩೭ ವಾಟಿಗೆ ಎರಡು ಡಿಗ್ರಿ ಸುಂಕ ಕಟ್ಟಿಸಿಕೊಳ್ಳುತ್ತದೆ. ಅದೇ ಪೇಸ್ಟು ಅರ್ಧ ಮಿಲಿಮೀಟರು ದಪ್ಪವಾದರೆ ಇಪ್ಪತ್ತು ಡಿಗ್ರಿ. ನಡುವೆ ಗಾಳಿ ಸಿಕ್ಕಿಕೊಂಡರಂತೂ ಲೆಕ್ಕ ಕೈಬಿಡಬೇಕು.

ಇಲ್ಲಿ ನನ್ನ ವೃತ್ತಿಯ ಮಾತೊಂದನ್ನು ತಂದರೆ ಕ್ಷಮಿಸಬೇಕು. ‘ಸಂಧಿ’ ಎಂದರೆ ಕೂಡುವುದು. ಅದರ ತದ್ಭವ ‘ಸಂದಿ’ ಎಂದರೆ ನಡುವಿನ ಇಕ್ಕಟ್ಟು, ಬಿರುಕು. ಒಂದೇ ಮಾತು ಕೂಡಿದ್ದಕ್ಕೂ ಆಯಿತು, ಕೂಡದೆ ಉಳಿದದ್ದಕ್ಕೂ ಆಯಿತು. ಮೊದಲ ವರ್ಷದವರಿಗೆ ಆಗಮಸಂಧಿ ಹೇಳಿಕೊಡುವಾಗ ಈ ‘ಯ’ಕಾರ ಎಲ್ಲಿಂದ ಬಂತು ಸಾರ್ ಎಂದು ಪ್ರತಿ ವರ್ಷವೂ ಒಬ್ಬನಾದರೂ ಕೇಳುತ್ತಾನೆ. ‘ಮನೆ’ಯಲ್ಲಿ ಅದಿಲ್ಲ, ‘ಅಲ್ಲಿ’ಯಲ್ಲೂ ಇಲ್ಲ, ‘ಮನೆಯಲ್ಲಿ’ ಎಂದಾಗ ಎರಡು ಸ್ವರಗಳ ನಡುವೆ ಬಂದು ಕೂರುತ್ತದೆ. ಅದಕ್ಕೆ ಸ್ವಂತ ಅರ್ಥವಿಲ್ಲ. ಅದು ಬಾರದಿದ್ದರೆ ನಾಲಗೆ ಒಂದು ಸ್ವರದಿಂದ ಇನ್ನೊಂದಕ್ಕೆ ಹಾರಬೇಕು. ಹಿಂದಿನ ಅಂಗಡಿಯವರು ಮಾಡಿದ್ದಕ್ಕೂ ವ್ಯಾಕರಣದಲ್ಲಿ ಹೆಸರಿದೆ: ಪ್ರಕೃತಿಭಾವ. ಅಕ್ಕಪಕ್ಕದಲ್ಲಿದ್ದೂ ಎರಡು ಸ್ವರಗಳು ಸಂಧಿಯಾಗದೆ ಹಾಗೆಯೇ ಇರುವುದು. ‘ಅಹಾ ಎಷ್ಟು’ ಎನ್ನುವಾಗ ಅದು ಸೊಗಸು. ಪ್ರೊಸೆಸರಿನ ಮೇಲೆ ಸೊಗಸಲ್ಲ.

ಇದನ್ನು ಅಂಗಡಿಯವರಿಗೆ ಹೇಳಿದಾಗ ಅವರು ನಕ್ಕು, “ನೀವು ಮೇಷ್ಟ್ರು ಅಂತ ಗೊತ್ತಾಯ್ತು ಬಿಡಿ” ಎಂದರು. ಆಮೇಲೆ ಅವರ ಬಾಯಲ್ಲಿ ‘ಸಾರ್’ ಹೋಗಿ ‘ಮೇಷ್ಟ್ರೇ’ ಬಂತು. ಅವರು ಕೊಟ್ಟ ಹೋಲಿಕೆ ನನ್ನದಕ್ಕಿಂತ ಚೆನ್ನಾಗಿತ್ತು. ಅವರ ತಂದೆ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರಂತೆ. ಪಾತ್ರೆ ಕಾಯಿಸಿ, ನವಸಾಗರ ಚೆಲ್ಲಿ, ತವರ ಮುಟ್ಟಿಸಿ, ಬಟ್ಟೆಯಲ್ಲಿ ಒಂದು ಸುತ್ತು ಒರೆಸಿದರೆ ಇಡೀ ಒಳಮೈ ಬೆಳ್ಳಗಾಗಬೇಕು. “ತವರ ಮುದ್ದೆಯಾಗಿ ನಿಂತ್ರೆ ಅಪ್ಪ ಕೈಮೇಲೆ ಹೊಡೀತಿದ್ರು. ಹಚ್ಚೋದು ಕೆಲಸ ಅಲ್ಲ ಕಣೋ, ಒರೆಸೋದು ಕೆಲಸ ಅಂತಿದ್ರು.”

ಒರೆಸುವ ಕೆಲಸವೇ ಹೆಚ್ಚು ಹೊತ್ತು ಹಿಡಿಯಿತು. ಐಸೊಪ್ರೊಪೈಲ್ ಆಲ್ಕೊಹಾಲು ತೊಟ್ಟಿಕ್ಕಿಸಿ, ತಾಮ್ರದ ಮೇಲಿನ ಹಳೆಯ ಪೇಸ್ಟನ್ನು ನೆನೆಸಿ, ಕನ್ನಡಕ ಒರೆಸುವಂಥ ಬಟ್ಟೆಯಿಂದ ಒಂದೇ ದಿಕ್ಕಿಗೆ ತೆಗೆದರು. ನಾನು ಜೇಬಿನಿಂದ ಕರವಸ್ತ್ರ ನೀಡಿದೆ. ನೂಲು ಉದುರುತ್ತದೆಂದು ಒಲ್ಲೆ ಎಂದರು. ಪ್ಯಾಡಿನ ಎಣ್ಣೆ ಚಿಪ್ಪುಗಳ ಸುತ್ತ ಜಿಡ್ಡುಗಟ್ಟಿತ್ತು. ಅದನ್ನು ತೆಗೆಯದೆ ಹೊಸದು ಹಿಡಿಯದು. ನಡುವೆ, ಒಬ್ಬ ಹುಡುಗ ಪೇಸ್ಟು ಮುಗಿದಿದೆಯೆಂದು ಹಲ್ಲುಜ್ಜುವ ಪೇಸ್ಟು ಹಚ್ಚಿಕೊಂಡು ಬಂದ ಕಥೆ ಹೇಳಿದರು. ಮೊದಲ ದಿನ ತಣ್ಣಗೆ ಕೆಲಸ ಮಾಡಿತಂತೆ; ನೀರಿನಂಶವಿರುತ್ತದಲ್ಲ. ನೀರು ಆರಿತು, ಸುಣ್ಣ ಉಳಿಯಿತು. ದ್ರವಲೋಹ ಹಾಕಿರೆಂದು ಹಠ ಹಿಡಿಯುವವರೂ ಬರುತ್ತಾರಂತೆ. ಅದು ಗ್ಯಾಲಿಯಂ ಬೆರೆತದ್ದು, ಶಾಖ ಚೆನ್ನಾಗಿ ಒಯ್ಯುತ್ತದೆ; ಆದರೆ ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ, ವಿದ್ಯುತ್ತನ್ನೂ ಹಾಯಿಸುತ್ತದೆ; ತೊಟ್ಟು ಚೆಲ್ಲಿದರೆ ಹಲಗೆಯೇ ಹೋಯಿತು. “ರಾತ್ರಿಯೆಲ್ಲ ನಿಮ್ಮ ಪುಸ್ತಕ ಓದೋ ಯಂತ್ರಕ್ಕೆ ಅದು ಬೇಡ.”

ಪೀಠದ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿ ಹಳೆಯ ಪ್ರೊಸೆಸರನ್ನು ಎತ್ತಿದರು. ಹೊಸದು, ಅಂದರೆ ೨೦೧೪ರದು, ಅದೇ ಅಳತೆಯದು. ಹೊಟ್ಟೆಯ ಕೆಳಗೆ ನೂರಾರು ಚಿನ್ನದ ಬಣ್ಣದ ಮುಳ್ಳುಗಳು. ಒಂದು ಮೂಲೆಯಲ್ಲಿ ಪುಟ್ಟ ತ್ರಿಕೋನ. ಪೀಠದ ಗುರುತಿಗೆ ಅದನ್ನು ಹೊಂದಿಸಿ ಬಿಟ್ಟರೆ ತನ್ನ ಭಾರಕ್ಕೆ ತಾನೇ ಇಳಿಯಬೇಕು, ಒತ್ತಕೂಡದು. ಹಳೆಯದಕ್ಕೆ ಎರಡು ತಿರುಳು, ಇದಕ್ಕೆ ನಾಲ್ಕು. ಓಟದ ವೇಗ ೨.೬ ಗಿಗಾಹರ್ಟ್ಸಿನಿಂದ ೨.೩ಕ್ಕೆ ಇಳಿಯಿತಾದರೂ ನಾಲ್ವರು ಸಾವಕಾಶವಾಗಿ ಓದಿದರೆ ಇಬ್ಬರು ಅವಸರದಿಂದ ಓದಿದ್ದಕ್ಕಿಂತ ಹೆಚ್ಚು ಪುಟ ಸಾಗುತ್ತದೆ.

ಆಮೇಲೆ ಪ್ಯಾಡು. ಒಂದು ಮಿಲಿಮೀಟರಿನ ಹಾಳೆಯಿಂದ ಚಿಪ್ಪಿನಗಲಕ್ಕೆ ನಾಲ್ಕು ತುಂಡು ಕತ್ತರಿಸಿ, ಎರಡೂ ಮೈಯ ಪ್ಲಾಸ್ಟಿಕ್ ಪೊರೆ ಸುಲಿದು ಇಟ್ಟರು. ಒಂದು ಪೊರೆ ಬಿಡಿಸಿ ಇನ್ನೊಂದನ್ನು ಮರೆಯುವವರೇ ಹೆಚ್ಚಂತೆ. ದಪ್ಪ ಸರಿಯೋ ಅಲ್ಲವೋ ಎಂಬುದನ್ನು ಅವರು ಪುಸ್ತಕ ನೋಡಿ ತೀರ್ಮಾನಿಸಲಿಲ್ಲ. ಬಿಲ್ಲೆಯ ಮೇಲೆ ಚೂರು ಪೇಸ್ಟಿಟ್ಟು, ತಟ್ಟೆಯನ್ನು ಕೂರಿಸಿ ಬಿಗಿದು, ಮತ್ತೆ ಬಿಚ್ಚಿದರು. ತಾಮ್ರದ ಮೇಲೆ ಬಿಲ್ಲೆಯ ಅಚ್ಚು ನಾಲ್ಕು ಮೂಲೆಗೂ ತುಂಬಿ ಮೂಡಿತ್ತು. ಪ್ಯಾಡುಗಳ ಮೈಯಲ್ಲಿ ಚಿಪ್ಪುಗಳ ಅಂಚು ತಗ್ಗಾಗಿ ಕಂಡಿತು. ಎರಡೂ ಮುಟ್ಟಿವೆ. ಎರಡರಲ್ಲೊಂದೇ ಮುಟ್ಟಿದ್ದರೆ ಇನ್ನೊಂದು ದಪ್ಪ ಹುಡುಕಬೇಕಾಗಿತ್ತು. ಹಿಂದಿನವರು ಈ ಒಂದು ಸಲ ಬಿಚ್ಚಿ ನೋಡುವ ತೊಂದರೆ ತೆಗೆದುಕೊಂಡಿದ್ದರೆ ಬೇರೇನೂ ಬೇಕಿರಲಿಲ್ಲ. ಹತ್ತು ನಿಮಿಷದ ಕೆಲಸ.

ಅಚ್ಚನ್ನು ಒರೆಸಿ, ಅವರು ಪೇಸ್ಟಿನ ಸಿರಿಂಜನ್ನು ನನ್ನ ಕೈಗೆ ಕೊಟ್ಟರು. “ನೀವೇ ಹಾಕಿ ಮೇಷ್ಟ್ರೇ. ಮೂರು ನಾಲ್ಕು ವರ್ಷಕ್ಕೆ ಇದು ಒಣಗುತ್ತೆ. ಕಾದು ಆರಿ, ಕಾದು ಆರಿ, ಅಂಚಿಗೆ ಸರಿದುಹೋಗುತ್ತೆ. ಆಗ ಮತ್ತೆ ಹಾಕ್ಬೇಕು.”

“ಆಗ ನಿಮ್ಮ ಹತ್ತಿರಾನೇ ತರ್ತೀನಲ್ಲ” ಎಂದೆ.

“ಆಗ ನಾನಿಲ್ಲಿ ಇರಲ್ಲ. ಈಗ ಬರೋದೆಲ್ಲ ಬೆಸುಗೆ. ಪೀಠ ಇರೋ ಮೆಷಿನ್ನು ಈ ತಿಂಗಳಲ್ಲಿ ನಿಮ್ಮದೊಂದೇ. ಮುಂದಿನ ವರ್ಷ ಬಾಡಿಗೆ ಕರಾರು ಮುಗಿಯುತ್ತೆ, ನಾನು ಮತ್ತೆ ಬರೆಯೋದಿಲ್ಲ.” ಅವರು ಇದನ್ನು ದುಃಖದಿಂದ ಹೇಳಲಿಲ್ಲ; ಮಳೆ ಬರುವ ಹಾಗಿದೆ ಎನ್ನುವ ಧಾಟಿಯಲ್ಲಿ ಹೇಳಿ ದೀಪವನ್ನು ನನ್ನ ಕಡೆಗೆ ಬಾಗಿಸಿದರು. ಮಗ ಬೇರೆ ಕೆಲಸದಲ್ಲಿದ್ದಾನಂತೆ. ಭೂತಗನ್ನಡಿಯ ಹಿಂದಿನ ಕಣ್ಣು ನನ್ನ ಕೈಯನ್ನೇ ನೋಡುತ್ತಿತ್ತು.

ಎಷ್ಟು ಹಾಕಬೇಕೆಂದು ಕೇಳಿದೆ. “ಅಕ್ಕಿಕಾಳು.” ಆ ದಿನ ರಾತ್ರಿಯ ಲೆಕ್ಕದಲ್ಲಿ ಆ ಬಿಲ್ಲೆಗೆ ನ್ಯಾಯವಾಗಿ ಬೇಕಾದದ್ದು ಎರಡು ಸಾಸಿವೆಕಾಳಿನಷ್ಟೇ ಎಂದು ಬಂತು, ಅಂಚಿಗೆ ಹರಿಯುವುದನ್ನೂ ಸೇರಿಸಿ ಅಕ್ಕಿಕಾಳು ಎಂಬ ಅಳತೆ ಹುಟ್ಟಿರಬೇಕು. ಬಿಲ್ಲೆಯ ನಡುವೆ ಅಕ್ಕಿಕಾಳಿಟ್ಟೆ. ಬೆರಳಿನಿಂದ ಹರಡಬೇಡಿ ಎಂದರು. ತಟ್ಟೆಯ ಒತ್ತಡವೇ ಹರಡುತ್ತದೆ, ಬೆರಳು ಹರಡಿದರೆ ಗುಳ್ಳೆ ಸೇರುತ್ತದೆ. ಚಿತ್ರದ ಚಿಪ್ಪಿಗೂ ಹಾಗೆಯೇ. ತಟ್ಟೆಯನ್ನು ಓರೆಯಾಗದಂತೆ ನೇರವಾಗಿ ಇಳಿಸಿ, ಅದರ ಮೇಲೆ ಕೊರೆದಿದ್ದ ಒಂದು, ಎರಡು, ಮೂರು, ನಾಲ್ಕು ಎಂಬ ಕ್ರಮದಲ್ಲಿ ಎದುರುಬದುರಿನ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿದೆ. ಒಂದು ಕಡೆಯನ್ನೇ ಬಿಗಿದುಬಿಟ್ಟರೆ ಬಿಲ್ಲೆಯ ಮೂಲೆ ಒಡೆಯುತ್ತದೆ. ಲ್ಯಾಪ್‌ಟಾಪಿನ ಬಿಲ್ಲೆಗೆ ಮನೆಯ ದೊಡ್ಡ ಕಂಪ್ಯೂಟರಿನದಕ್ಕಿರುವ ಲೋಹದ ಟೋಪಿ ಇಲ್ಲ. ಬೇರೆ ಕಡೆಯ ಆ ಸ್ಕ್ರೂವನ್ನು ಅವರು ಅದರ ಸ್ವಸ್ಥಾನಕ್ಕೆ ಸೇರಿಸಿದರು.

ಗುಂಡಿ ಒತ್ತಿದಾಗ ಪರದೆ ಒಂದು ಗಳಿಗೆ ಕಪ್ಪಾಗಿಯೇ ಇತ್ತು. ನಾನು ಅವರ ಮುಖ ನೋಡಿದೆ, ಅವರು ಗಡಿಯಾರ ನೋಡಿದರು. ಆಮೇಲೆ ಬೆಳಕಾಯಿತು, ಹೊಸ ಪ್ರೊಸೆಸರಿನ ಹೆಸರೂ ಮೂಡಿತು. ಹತ್ತು ನಿಮಿಷ ಅದಕ್ಕೆ ಪೂರ್ತಿ ಕೆಲಸ ಕೊಟ್ಟು ಉಷ್ಣತೆ ನೋಡಿದೆವು. ಹಿಂದೆ ಇದೇ ಹೊತ್ತಿಗೆ ೯೭, ೯೮ ಎಂದು ಹತ್ತುತ್ತಿದ್ದುದು ೭೯ರಲ್ಲಿ ನಿಂತಿತು. ತಿರುಳು ಇಮ್ಮಡಿ, ಶಾಖ ಹತ್ತೊಂಬತ್ತು ಡಿಗ್ರಿ ಕಡಮೆ. ಮನೆಯ ಲೆಕ್ಕದ ಇಪ್ಪತ್ತಕ್ಕೆ ಇದು ಇಷ್ಟು ಹತ್ತಿರ ಬಂದದ್ದು ಕಾಕತಾಳೀಯವೇ ಇರಬಹುದು, ಆದರೂ ಸಂತೋಷವಾಯಿತು.

ಹಣ ಕೊಡುವಾಗ ಹಳೆಯ ಪ್ರೊಸೆಸರನ್ನು ಕಾಗದದಲ್ಲಿ ಸುತ್ತಿ ನನಗೆ ಕೊಡಲು ಬಂದರು. ಇಟ್ಟುಕೊಳ್ಳಿ, ಯಾರಿಗಾದರೂ ಆದೀತು ಎಂದೆ. “ಯಾರಿಗೆ ಮೇಷ್ಟ್ರೇ?” ಎಂದು ಕೇಳಿದರಾದರೂ, ಮೇಜಿನ ಸೆಳೆಖಾನೆಯನ್ನು ಎಳೆದು ಅಂಥವೇ ಏಳೆಂಟರ ಪಕ್ಕದಲ್ಲಿ ಇಟ್ಟರು. ಪ್ಯಾಡಿನ ಹಾಳೆಯಲ್ಲಿ ಉಳಿದದ್ದನ್ನು ಮಾತ್ರ ನನಗೇ ಕೊಟ್ಟರು. ಅದರ ಪೊರೆಯ ಮೇಲೆ ‘೧ ಮಿ.ಮೀ., ಇದೇ’ ಎಂದು ಪೆನ್ನಿನಲ್ಲಿ ಬರೆದಿದ್ದರು.

ಆ ರಾತ್ರಿ ಬೀರುವಿನ ಮೂರನೆಯ ಬೈಂಡಿನ ಮುನ್ನೂರ ಹನ್ನೆರಡು ಪುಟಗಳನ್ನು ಓದಲು ಬಿಟ್ಟೆ. ಬೆಳಗಾಗುವ ಹೊತ್ತಿಗೆ ಎಲ್ಲವೂ ಮುಗಿದು ಯಂತ್ರ ಸುಮ್ಮನೆ ಕುಳಿತಿತ್ತು. ಟೆಸೆರಾಕ್ಟಿಗೆ ಒತ್ತಕ್ಷರಗಳು ಇನ್ನೂ ಸರಿಯಾಗಿ ಬಾರವು. ಹಳೆಯ ಅಚ್ಚಿನ ಮೊಳೆ ಸವೆದಿದ್ದ ಕಡೆ ‘ಘ’ಕಾರವನ್ನು ‘ಫ’ ಎಂದು ಓದಿ, ಒಂದು ಕಥೆಯುದ್ದಕ್ಕೂ ರಾಘವರಾಯರನ್ನು ರಾಫವರಾಯರನ್ನಾಗಿ ಮಾಡಿದೆ. ತಿದ್ದುವುದಕ್ಕೆ ವಿದ್ಯಾರ್ಥಿಗಳು ನಾಳೆ ಬರುತ್ತಾರೆ. ಬೀರುವಿನಲ್ಲಿ ಇನ್ನು ನಲವತ್ತೊಂದು ಬೈಂಡುಗಳಿವೆ.